ಪಾಸಂಗ

ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿದೆವು ಹಲ್ಲಿನ ಬೇರುಗಳನ್ನು,
ಒಂದೊಂದು ಬಿಲ್ಲೆ ಒಂದು ಮಿಲಿಮೀಟರು,
ನಡುವೆ ಗಾಜುನಾರಿನ ಕಡ್ಡಿ, ಬಿಳಿ ಚುಕ್ಕೆ.
ದೇವಸೂಗೂರಿನ ಮುದುಕಿಯದೊಂದು,
ಗಂಜಿನ ಹಮಾಲನದೊಂದು,
ಕಿತ್ತ ಮೇಲೂ ‘ನಂದು ನನಗ ಕೊಡ್ರಿ’ ಅಂದವನದೊಂದು.
ಡಬ್ಬಿಯ ಮೇಲೆ ಹೆಸರಿಲ್ಲ. ನಂಬರಿದೆ.

ಮೇ ತಿಂಗಳ ರಾಯಚೂರು. ಲ್ಯಾಬಿನ ಎ.ಸಿ. ಕೆಟ್ಟು ಹನ್ನೊಂದು ದಿನ.
ಸೂಜಿಗಿಂತ ತುಸು ದಪ್ಪನೆಯ ಮೊಳೆ
ನಿಮಿಷಕ್ಕೆ ಅರ್ಧ ಮಿಲಿಮೀಟರು ಇಳಿಯುತ್ತದೆ,
ಕಡ್ಡಿಯ ನೆತ್ತಿಗೆ ತಾಗಿ ಒತ್ತುತ್ತದೆ,
ಒತ್ತುತ್ತದೆ,
ಟಕ್.
ಇಷ್ಟೇ. ಹಲ್ಲು ಕಚ್ಚಿ ಹಿಡಿದದ್ದು ಅಷ್ಟು ಹೊತ್ತು.
ಇನ್ನೊಮ್ಮೆ ಕೇಳುವ ಹಾಗಿಲ್ಲ:
ಈ ಸಾಕ್ಷಿ ಬಾಯಿ ಬಿಡುವುದು ಒಂದೇ ಸಲ,
ಬಿಟ್ಟ ಮೇಲೆ ಬಾಯಿಯೇ ಇರುವುದಿಲ್ಲ.

ಒಂದೇ ಬೇರಿನ ಅಕ್ಕಪಕ್ಕದ ಬಿಲ್ಲೆಗಳು:
ಒಂದು ಹನ್ನೊಂದು ಮೆಗಾಪ್ಯಾಸ್ಕಲ್, ಒಂದು ಆರು.
ಸಿಮೆಂಟಿನ ಗುಣವೋ, ನನ್ನ ಕೈಗುಣವೋ?
ಉಳಿದವುಗಳಲ್ಲಿ ಒಂದನ್ನು ಕ್ಯಾಲಿಪರಿಗೆ ಕೊಟ್ಟೆ:
ಸೊನ್ನೆ ಪಾಯಿಂಟ್ ಒಂಬತ್ತು ಏಳು.
ಚಹಾ ಕುಡಿದು ಬಂದು ಅದನ್ನೇ ಅಳೆದೆ:
ಒಂದು ಪಾಯಿಂಟ್ ಸೊನ್ನೆ ನಾಲ್ಕು.
ಒಂದು ಚಹಾದಷ್ಟು ಹೊತ್ತಿಗೆ ಹಲ್ಲು ಬೆಳೆಯುವುದಿಲ್ಲ.

ಮೌಲಾಲಿ ನಕ್ಕ. ಒರೆಸುಬಟ್ಟೆ ಹೆಗಲ ಮೇಲೆ.
‘ನಮ್ಮಪ್ಪ ಗಂಜಿನ್ಯಾಗ ಹತ್ತಿ ತೂಗತಿದ್ದ, ಮೇಡಂ.
ಮೊದಲ ಖಾಲಿ ತಕ್ಕಡಿ. ಆಮ್ಯಾಲ ಕಲ್ಲು ಎಡಕ್ಕ, ಮಾಲು ಬಲಕ್ಕ.
ಆಮ್ಯಾಲ ಕಲ್ಲು ಬಲಕ್ಕ, ಮಾಲು ಎಡಕ್ಕ.
ಎರಡೂ ಕೂಡಲಿಲ್ಲಂದ್ರ ಪಾಸಂಗ ಐತಿ ಅಂತಿದ್ದ.
ತಕ್ಕಡಿಗಷ್ಟ ಅಲ್ಲ, ತೂಗಾವನ ಕಣ್ಣಿಗೂ ಇರತೈತಿ.’

ಅವನೇ ಓಡಿದ. ಮೂಲೆಯ ಕಿರಾಣಿಯಿಂದ
ಮುದ್ರೆಯೊತ್ತಿದ ಐದು ಕಿಲೋ ಕಲ್ಲು ತಂದ.
ಯಂತ್ರದ ಪೀಠದ ಮೇಲೆ ಕೂರಿಸಿದೆವು.
ನಲವತ್ತೊಂಬತ್ತು ನ್ಯೂಟನ್ ಹೇಳಬೇಕಾದ್ದು
ನಲವತ್ತಾರು ಅಂದಿತು.
ತೆಗೆದು ಮತ್ತೆ ಇಟ್ಟೆವು. ನಲವತ್ತಾರು.
ಇನ್ನೊಮ್ಮೆ. ನಲವತ್ತಾರು.
ಸುಳ್ಳು ಹೇಳುವುದರಲ್ಲೂ ಎಂಥ ನಿಯತ್ತು!
ಬೆನ್ನಿಗಂಟಿದ ತಪಾಸಣೆಯ ಚೀಟಿ ಎರಡು ವರ್ಷ ಹಳತು.
ನನ್ನ ಕೈಗೆ ಆ ನಿಯತ್ತೂ ಇಲ್ಲ,
ಒಮ್ಮೆ ಹೀಗೆ, ಒಮ್ಮೆ ಹಾಗೆ.

ಹೆಚ್ಚುವಾಗಲೇ ಕಡ್ಡಿ ಕಳಚಿಬಿದ್ದ ಬಿಲ್ಲೆಗಳು ಮೂರು.
‘ಅವನ್ನ ಬಿಡಮ್ಮಾ, ಲೆಕ್ಕಕ್ಕಿಲ್ಲ’ ಎಂದಿದ್ದರು ಗೈಡು.
ಲೆಕ್ಕಕ್ಕಿಲ್ಲದವನ್ನು ಲೆಕ್ಕಕ್ಕೆ ಬರೆದೆ:
ಸೊನ್ನೆ, ಸೊನ್ನೆ, ಸೊನ್ನೆ.
ಸರಾಸರಿ ಕುಸಿಯಿತು. ಕುಸಿಯಲಿ.

ಬೆಳಿಗ್ಗೆ ಓಪಿಡಿಯಲ್ಲಿ ಮಾನ್ವಿಯ ಹೆಂಗಸು,
ಇದೇ ಕಡ್ಡಿ ಹಾಕಿಸಿಕೊಂಡವರು, ಕೇಳಿದ್ದರು:
‘ಖಡಕ್ ರೊಟ್ಟಿ ಕಡೀಬಹುದೇನ್ರಿ?’
‘ಕಡೀರಿ’ ಅಂದಿದ್ದೆ, ಥಟ್ಟನೆ,
ಯಾವ ಕಲ್ಲಿಟ್ಟು ತೂಗಿ ಅಂದೆನೋ.

ಈಗ ಮೌಲಾಲಿ ಓದುತ್ತಾನೆ, ನಾನು ನೋಡುವುದಿಲ್ಲ.
ನಾನು ಓದುತ್ತೇನೆ, ಅವನು ಬರೆದದ್ದರ ಮೇಲೆ ಅಂಗೈ ಮುಚ್ಚುತ್ತಾನೆ.
ಇನ್ನೂ ಅರವತ್ತೆರಡು ಬಿಲ್ಲೆ.