ಆರನೆಯ ಲೈನರ್

ಕುಠ್ಠಾಳಿಯ ಸೇತುವೆಯ ಕೆಳಗೆ, ಜುವಾರಿಯ ಇಳಿತದಲ್ಲಿ
ಅದಿರಿನ ಬಾರ್ಜು ಕೆಸರಿಗೆ ಹೊಟ್ಟೆ ಹಚ್ಚಿ ಮಲಗಿತ್ತು.
ಆರೂ ಪಿಸ್ಟನ್ ಹೊರಗೆ. ಐದು ಅಳೆದಾಗಿತ್ತು.
ಆರನೆಯದರ ಬಾಯೊಳಗೆ
ಬಸಲಿಂಗಣ್ಣ ಉಗುರು ಆಡಿಸಿದ.

ಬಲಗೈ ಹೆಬ್ಬೆರಳಿನದೊಂದೇ ಉಗುರು ಉದ್ದ.
ಮಗಳ ಮದುವೆಯ ಫೋಟೋದಲ್ಲೂ
ಅದರ ಸಂದಿಯಲ್ಲಿ ಕರಿ ಎಣ್ಣೆ.
"ನೋಡಿಲ್ಲಿ, ಎಡವತೈತಿ."
ಮೊದಲ ರಿಂಗು ಮೇಲೆ ಬಂದು ಹಿಂದಿರುಗುವ ಜಾಗ.
ಹದಿನೇಳು ಸಾವಿರ ತಾಸು ಅಲ್ಲಿಗೇ ಬಂದು, ಅಲ್ಲಿಂದಲೇ ಹೋಗಿ,
ಮಗು ತಿಂದು ಬಿಟ್ಟ ರೊಟ್ಟಿಯ ಅಂಚಿನ ಹಾಗೆ
ಸವೆಯದೆ ಉಳಿದ ಒಂದು ಸುತ್ತು.

ನಾನು ಬೋರ್ ಗೇಜ್ ಇಳಿಸಿ ಬರೆದುಕೊಂಡೆ:
ಮೇಲೆ, ನಡುವೆ, ಕೆಳಗೆ. ಉದ್ದಕ್ಕೆ, ಅಡ್ಡಕ್ಕೆ.
ಅಡ್ಡಕ್ಕೆ ಹೆಚ್ಚು. ದುಂಡಗಿದ್ದದ್ದು ಮೊಟ್ಟೆಯಾಗಿತ್ತು.

ಮಾಲೀಕರ ಕಡೆಯ ಮೆನಿನೊ ಏಣಿಯ ಮೇಲೆ ನಿಂತೇ ಕೇಳಿದ,
ರಿಂಗಷ್ಟೇ ಬದಲಿಸಿದರೆ ಆಗದೇ, ಸೋಮವಾರ ಲೋಡು.
ಬಸಲಿಂಗಣ್ಣ ಮಾತಾಡಲಿಲ್ಲ. ಕೇಳಿಸದೆಯೋ, ಕೇಳಿಸಿಯೋ.
ಮೂವತ್ತು ವರ್ಷ ಡೀಸೆಲ್ಲಿನ ಪಕ್ಕ ನಿಂತವನ ಕಿವಿಯನ್ನು
ಇಂಥ ಹೊತ್ತಲ್ಲಿ ನಂಬುವಂತಿಲ್ಲ.

ಪುಲ್ಲರ್ ಹಾಕಿ ಎಳೆದೆವು. ರಬ್ಬರಿನ ಉಂಗುರ ಕಚ್ಚಿ ಹಿಡಿದು
ಒಮ್ಮೆಲೇ ಬಿಟ್ಟಿತು. ಕಾಲಿಗೆಲ್ಲ ತುಕ್ಕು ನೀರು.
ಹೊರಳಿಸಿ ಬೆನ್ನು ನೋಡಿದರೆ
ಸಿಡುಬು.
ಕುಳಿಯ ಪಕ್ಕ ಕುಳಿ. ಒಂದರೊಳಗೆ ಗುಂಡುಸೂಜಿ ಪೂರ್ತಿ ಇಳಿಯಿತು.
ಒಳಗೆ ಬೆಂಕಿ ತಿಂದದ್ದು ಕೂದಲೆಳೆಯ ಲೆಕ್ಕ.
ಹೊರಗೆ, ತಂಪಾಗಲೆಂದು ನಾವೇ ಬಿಟ್ಟ ನೀರು,
ಪ್ರತಿ ಏಟಿಗೂ ಗೋಡೆ ನಡುಗಿದಾಗ
ಗುಳ್ಳೆ ಹುಟ್ಟಿ, ಗುಳ್ಳೆ ಒಡೆದು
(ಗುಳ್ಳೆ! ಪಾತ್ರೆ ತೊಳೆಯುವಾಗ ಏಳುವಂಥದ್ದು)
ಎರಕದ ಕಬ್ಬಿಣವನ್ನು ಕೊರೆದಿತ್ತು.
ನನ್ನ ನೋಟ್‌ಬುಕ್ಕಿನಲ್ಲಿ ಬೆನ್ನಿಗೆ ಕಾಲಮ್ಮೇ ಇರಲಿಲ್ಲ.

ಮೆನಿನೊ ಇಳಿದು ಬಂದ, ಬೂಟು ಒದ್ದೆ ಮಾಡಿಕೊಂಡು.
ನಾನು ಒಳಗೆ ಟಾರ್ಚ್ ಬಿಟ್ಟೆ.
ಅವನ ಬಿಳಿ ಅಂಗಿಯ ಮೇಲೆ
ಎಳ್ಳಷ್ಟು ಬೆಳಕು.

ಸೋಮವಾರ ಹೋಯಿತು. ಬುಧವಾರ ಹೊಸವು ಬಂದವು.
ಉಂಗುರಕ್ಕೆ ಸೋಪಿನ ನೀರು. ಸುತ್ತಿಗೆ ದೂರ.
ಎರಡು ಅಂಗೈ, ಮೈಯ ಭಾರ, ಅಷ್ಟೇ.
ಲೈನರಿನ ಕೊರಳು ಬ್ಲಾಕಿಗಿಂತ ತುಸುವೇ ಎದ್ದು ನಿಲ್ಲಬೇಕು.
"ತಗ್ಗಿದ್ರ ಗ್ಯಾಸ್ಕೆಟ್ ಹೋಗತೈತಿ. ಹೆಚ್ಚಾದ್ರ ಕೊರಳ ಮುರೀತೈತಿ."
ಡಯಲಿನ ಮುಳ್ಳು ಹತ್ತಕ್ಕೆ ನಿಂತಿತು.
ಭರತಕ್ಕೆ ಬಾರ್ಜು ಕೆಸರು ಬಿಟ್ಟು ಅಲುಗಿತು,
ಮುಳ್ಳು ಅಲ್ಲೇ.

ಹಳೆಯದನ್ನು ದಡಕ್ಕೆ ಹೊತ್ತು ತಂದಾಗ
ಬಂಗಡೆ ಹುರಿಯುವ ಪಿಯೆದಾದ್ ಕೇಳಿದಳು, ಒಲೆಗೆ ಬೇಕಂತೆ.
ತೂತಿದೆ, ಅಂದೆ.
ಒಳ್ಳೆಯದೇ ಆಯ್ತು, ಅಂದಳು, ಗಾಳಿ ಆಡುತ್ತೆ.