ಬಾಕಿ ಚಿಲ್ಲರೆ

ಎರಡು ದಿನ ರಜೆ ಬೇಕು ಅಂದೆ.
ಮದುವೆಯಾ? ಅಂದರು ಡಿಪೋ ಮ್ಯಾನೇಜರು.
ಅಲ್ಲ ಸಾರ್.
ತಿಥಿಯಾ?
ಅಲ್ಲ ಸಾರ್, ಕವಿತೆ ಕಮ್ಮಟ, ದುರ್ಗದಲ್ಲಿ.
ಪೆನ್ನಿನ ಹಿಂಬದಿ ಕಚ್ಚಿ ಸ್ವಲ್ಪ ಹೊತ್ತು ನೋಡಿ
ಕಾರಣದ ಜಾಗದಲ್ಲಿ ಬರೆದರು: ಸ್ವಂತ ಕೆಲಸ.

ಒಂಬತ್ತು ವರ್ಷ ಇದೇ ದಾರಿಯಲ್ಲಿ ಸೀಟಿ ಊದಿದವಳು
ಮೊದಲ ಸಲ ಕಿಟಕಿ ಪಕ್ಕ ಕೂತೆ.
ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ ಹುಡುಗ ಹೊಸಬ,
ಗುರುತು ಹಿಡಿಯಲಿಲ್ಲ, ನಾನೂ ಹೇಳಲಿಲ್ಲ.
ಆನಗೋಡು, ಹೆಬ್ಬಾಳು, ಭರಮಸಾಗರ.
ಕೂಗದೆ ದಾಟಿದರೆ ಊರುಗಳಿಗೆ ಬೇರೆ ಮುಖ.

ಚೀಲದಲ್ಲಿ ಮೂವತ್ತೊಂದು ಕವಿತೆ.
ಇವತ್ತು ಓದುವುದು, ದೀಪಾವಳಿಗೆ ಪುಸ್ತಕ,
ಮುಖಪುಟಕ್ಕೆ ಹಾಲಮ್ಮ ಅಂತ ದಪ್ಪಕ್ಷರ.
ಬ್ಯಾಗಿನ ಕ್ಯಾಶು ಎಣಿಸಿದ ಹಾಗೆ
ಮತ್ತೆ ಮತ್ತೆ ಎಣಿಸಿಕೊಂಡೆ.

ರಂಗಯ್ಯನ ಬಾಗಿಲ ಹತ್ತಿರ ಹಳೇ ಶಾಲೆ.
ಮಕ್ಕಳ ಬೆಂಚು, ಮಂಡಿ ಮೇಜಿಗೆ ತಾಗುತ್ತದೆ.
ಕ್ವಾರಿಯಲ್ಲಿ ಲೋಡಿನ ಲೆಕ್ಕ ಬರೆಯುವ ಬೋರಯ್ಯ,
ರಾತ್ರಿ ಪಾಳಿ ಮುಗಿಸಿ ನೇರ ಬಂದ ನರ್ಸು ಸುಮಂಗಳಾ,
ವಿಸಿಟಿಂಗ್ ಕಾರ್ಡಿನಲ್ಲಿ ಆಗಲೇ ‘ಕವಿ’ ಅಂತಿದ್ದ ರಿಟೈರ್ಡ್ ಸರ್ವೇಯರು,
ನಮ್ಮೂರ ಮಂಡಕ್ಕಿ ಭಟ್ಟಿ ಬುಡೇನ್, ಹುಬ್ಬಿನಲ್ಲಿ ಇನ್ನೂ ಹೊಟ್ಟು.

ಶಾಂತವೀರಮ್ಮ ಮೇಡಂ ಕೇಳಿದರು,
ಕಮ್ಮಟ ಅಂದರೆ ಗೊತ್ತೇನ್ರಪ್ಪಾ?
ಹಿಂದೆ ನಾಣ್ಯ ಅಚ್ಚು ಹಾಕೋ ಜಾಗಕ್ಕೆ ಕಮ್ಮಟ ಅಂತಿದ್ರು.
ಎಲ್ಲರೂ ನಾಣ್ಯ ಆಗೋಕೆ ಬರ್ತಾರೆ,
ಕರಗೋಕೆ ಯಾರೂ ಬರಲ್ಲ.
ನಕ್ಕೆವು. ನಾನೇ ಜೋರಾಗಿ ನಕ್ಕೆ.

ಬೋರಯ್ಯ ಓದಿದ, ಸುಮಂಗಳಾ ಓದಿದಳು, ಬುಡೇನ್ ಓದಿದ.
ನನ್ನ ಸರದಿಗೆ ಎದ್ದೆ, ಒಂದಲ್ಲ, ಐದು ಓದಿದೆ:
ಬೆಳದಿಂಗಳು, ತಾವರೆ, ಕೊಳಲು.
ಮೇಡಂ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿ,
ತಾವರೆ ಕೊನೇ ಸಲ ಎಲ್ಲಿ ನೋಡಿದ್ದೆ ತಾಯೀ?
ಕ್ಯಾಲೆಂಡರಿನಲ್ಲಿ, ಅಂದುಬಿಟ್ಟೆ.
ಸರ್ವೇಯರು ನಕ್ಕ ಸದ್ದು ಈಗಲೂ ಕಿವಿಯಲ್ಲಿದೆ.

ಒಂದೂಕಾಲಿಗೆ ದಾವಣಗೆರೆ ಬಸ್ಸು, ನನಗೆ ಗೊತ್ತಿಲ್ಲವೇ.
ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಚೀಲ ಹೆಗಲಿಗೇರಿಸಿದೆ.
ನಲ್ಲಿ ಹತ್ತಿರ ಬುಡೇನ್ ಅಡ್ಡ ನಿಂತ:
ಅಕ್ಕಾ, ನಿನ್ನ ಮೂರನೇದರಲ್ಲಿ
ಒಬ್ಬಳು ಚಿಲ್ಲರೆ ಕೇಳದೇ ಇಳಿದಳಲ್ಲ,
ಯಾಕೆ ಕೇಳಲಿಲ್ಲ?

ತಾವರೆಗಳ ನಡುವೆ ಜಾಗ ತುಂಬಲು
ಎಲ್ಲಿಂದಲೋ ತಂದಿಟ್ಟ ಸಾಲು ಅದು.
ಅವಳು ನಿಜಕ್ಕೂ ಇದ್ದಳು. ಭರಮಸಾಗರದವಳು.
ಆಗಿನ್ನೂ ಹೆಂಗಸರಿಗೂ ದುಡ್ಡಿನ ಟಿಕೆಟ್ಟು.
ಹಿಂದೆ ‘೧೪’ ಅಂತ ಬರೆದು ಸುತ್ತು ಹಾಕಿ ಕೊಟ್ಟಿದ್ದೆ.
ಮಗು ಮಲಗಿತ್ತು ಹೆಗಲ ಮೇಲೆ,
ಎಬ್ಬಿಸಬಾರದೆಂದೋ, ನನ್ನ ಗಂಟುಮುಖ ಕಂಡೋ,
ಸುಮ್ಮನೆ ಇಳಿದಳು. ನಾನೂ ಸುಮ್ಮನೆ ಸೀಟಿ ಊದಿದೆ.

ನಿಂದು ಇನ್ನೊಂದು ಸಲ ಓದು ಬುಡೇನ್, ಅಂದೆ.
ಬೆಳಗ್ಗೆ ಕೇಳಿರಲಿಲ್ಲ ನಾನು.
ಅವನು ಓದುವಾಗ ತುಟಿಯೊಳಗೆ
ನನ್ನದನ್ನೇ ಉರು ಹೊಡೆಯುತ್ತಿದ್ದೆ.
ನಾಲ್ಕೇ ಸಾಲು. ನಲ್ಲಿ ನಿಲ್ಲಿಸಿ ಕೇಳಿದೆ.
ಆ ಸಾಲು ಇಲ್ಲಿ ಬರೆಯಲ್ಲ,
ಇನ್ನೊಬ್ಬರ ಕಾಸು ನನ್ನ ಬ್ಯಾಗಿಗೆ ಹಾಕಲ್ಲ.
ಕೊನೇ ಪದಕ್ಕೆ ಬರುವಾಗ ಒಂದೂಕಾಲಿನ ಬಸ್ಸು ಹೋಯಿತು.

ಎರಡನೇ ದಿನ ಓದಲೇ ಇಲ್ಲ.
ಯಾರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ,
ಸುಳ್ಳು ಹೇಳುವಾಗ ದನಿ ಹೇಗೆ ದಪ್ಪವಾಗುತ್ತದೆ,
ನೋಡುತ್ತ ಕೂತೆ.
ಸರ್ವೇಯರು ಅಷ್ಟುದ್ದ ಓದಿದ್ದರಲ್ಲಿ
ಹೊಲದ ಬಾಂದುಕಲ್ಲಿನ ಬಗ್ಗೆ ಒಂದು ಸಾಲಿತ್ತು.
ಅದು ಚೆನ್ನಾಗಿದೆ ಸಾರ್ ಅಂದೆ.
ಯಾವುದು? ಅಂದರು. ಅವರಿಗೂ ಗೊತ್ತಿರಲಿಲ್ಲ.

ಹೊರಡುವಾಗ ಮೇಡಂ ನನ್ನ ಪುಸ್ತಕ ಕೊಟ್ಟರು.
ಶಹಬ್ಬಾಸ್ ಅಂತ ಎಲ್ಲಾದರೂ ಇದೆಯಾ ತಿರುವಿ ನೋಡಿದೆ.
ಮೂರನೇ ಕವಿತೆ ಪಕ್ಕ ಸಣ್ಣದೊಂದು ಸುತ್ತು,
ಒಳಗೆ ಏನೂ ಇಲ್ಲ.

ಸೋಮವಾರ ಆರೂ ಹತ್ತರ ಟ್ರಿಪ್ಪು.
ಬಯಲ ಮೇಲೆ ಗಾಳಿಯಂತ್ರಗಳು ಇನ್ನೂ ತೂಕಡಿಸುತ್ತಿದ್ದವು.
ಭರಮಸಾಗರಕ್ಕೆ ಮುಂಚೆ, ಯಾರೂ ಕೇಳದೆಯೇ,
ಯಾರಿಗ್ರೀ ಚಿಲ್ಲರೆ ಬಾಕಿ? ಅಂತ ಕೂಗಿದೆ.
ಡ್ರೈವರ್ ಕರಿಬಸಪ್ಪ ಕನ್ನಡಿಯಲ್ಲಿ ನನ್ನನ್ನೇ ನೋಡಿದ.
ಹಿಂದಿನ ಸೀಟಿನಿಂದ ಒಂದು ಕೈ ಎದ್ದಿತು,
ಆಮೇಲೆ ನಡುವಿನಿಂದ ಎರಡು,
ಆಮೇಲೆ ಏಳು.