ಕುದಿನೀರು

ಮೂರನೆಯ ಸಲವೂ ಕೆಟ್ಟಿತು.
ಬಟ್ಟಲಲ್ಲಿರುವುದು ಕಣಕವಲ್ಲ, ಹಠ:
ಗುದ್ದಿದರೆ ಕಲ್ಲು, ಬಿಟ್ಟರೆ ನೀರು.
ಯೂಛಿಂಗ್ ಅಂಗೈ ಒರೆಸಿಕೊಂಡು
‘ಅಂಗಡಿಯದೇ ಕೊಂಡುಬಿಡೋಣಮ್ಮ’ ಅಂದಳು.

ಪುಲಿ ಊರಿನ ನಮ್ಮ ಬೀದಿಯೊಂದರಲ್ಲೇ
ಏಳು ಬಬಲ್ ಟೀ ಅಂಗಡಿ.
ಮೆಟ್ಟಿಲಿಳಿದರೆ ಒಂದು, ರಸ್ತೆ ದಾಟಿದರೆ ಮತ್ತೊಂದು.
ಆದರೆ ಶಿಯಾವ್ ಮೇಷ್ಟ್ರು ಹೇಳಿ ಕಳಿಸಿದ್ದಾರೆ:
ಬುಧವಾರ ಪ್ರತಿಯೊಬ್ಬರೂ
ಮನೆಯಲ್ಲಿ ಕೈಯಾರೆ ಮಾಡಿದ್ದೊಂದು ತರಬೇಕು.
‘ನಿಮ್ಮಮ್ಮನ ಊರಿನದಾದರೆ ಇನ್ನೂ ಚೆನ್ನ’ ಅಂತ
ಇವಳೊಬ್ಬಳಿಗೆ ಬೇರೆಯಾಗಿ ಅಂದರಂತೆ.
ಅದಕ್ಕೇ ಇವಳು ಇದನ್ನು ಆರಿಸಿದ್ದು.
ಎಲ್ಲರೂ ಕುಡಿಯುವುದು. ಯಾರೂ ಏನೆಂದು ಕೇಳದ್ದು.
ನಾನೂ ಕೇಳಲಿಲ್ಲ.

ಹಣ್ಣೇನೋ ಸಸಾರ.
ಅತ್ತೆ ಹಿತ್ತಲ ಚಪ್ಪರದಿಂದ ಪ್ಯಾಶನ್ ಹಣ್ಣು ತಂದು ಸುರಿದರು,
‘ಸುಕ್ಕುಗಟ್ಟಿದ್ದೇ ಸಿಹಿ, ನನ್ನ ನೋಡಿ’ ಎಂದು
ಹಲ್ಲಿನ ಸೆಟ್ಟು ಕಳಚಿಟ್ಟ ಬಾಯಲ್ಲಿ ನಕ್ಕರು.
ಕತ್ತರಿಸಿದರೆ ಕಪ್ಪೆಮೊಟ್ಟೆಯಂಥ ತಿರುಳು,
ಅಡುಗೆಮನೆಯೆಲ್ಲ ಘಮ.
ಹುಡುಗಿ ಹಾಲು ಬೆರೆಸಿದಳು, ಒಡೆಯಿತು.
ಹುಳಿಗೂ ಹಾಲಿಗೂ ಎಣ್ಣೆ-ಸೀಗೆ, ಅಷ್ಟೂ ಗೊತ್ತಿಲ್ಲ.
ಹಾಲು ಬೇಡ. ಬರೀ ಚಹಾ, ಕಡುಗೆಂಪು, ತಣಿದದ್ದು,
ಜೇನು, ಹಣ್ಣು, ಮಂಜುಗಡ್ಡೆ.

ಉಳಿದದ್ದು ಮುತ್ತು.

ಹಿಟ್ಟಿನ ಚೀಲ ತಿರುಗಿಸಿ ನೋಡಿದೆ,
ಎಷ್ಟು ನೀರೆಂದು ಬರೆದಿರಬಹುದೇನೋ ಎಂದು.
ನೀರಿನ ಸುದ್ದಿಯಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ:
ಮರಗೆಣಸಿನ ಹಿಟ್ಟು. ತಯಾರಾದದ್ದು ತೈನಿನ್, ವಿಯೆಟ್ನಾಂ.

ತೈನಿನ್.
ನಮ್ಮಮ್ಮ ಗೆಣಸು ಹೆರೆಯುತ್ತಿದ್ದ ಊರು.
ರಸ್ತೆಯ ಅರ್ಧ ಬಸ್ಸಿಗೆ, ಅರ್ಧ ನಮಗೆ,
ಹೋಳು ಹರವಿ ಒಣಗಿಸುವುದಕ್ಕೆ.
ಲೆಕ್ಕದ ಪಾಠದ ನಡುವೆ ಕಿಟಕಿಯಿಂದ
ಕಾರ್ಖಾನೆಯ ಹುಳಿವಾಸನೆ.
ಪಾಳಿ ಮುಗಿಸಿ ಬರುವ ಅಣ್ಣಂದಿರ ಹುಬ್ಬು ಬೆಳ್ಳಗೆ,
ಒಂದೇ ದಿನಕ್ಕೆ ಮುದುಕರು.
ಆ ಧೂಳು ನನ್ನ ಹಾಗೇ ಕಡಲು ದಾಟಿ ಬಂದಿದೆ,
ಕಿಲೋಗೆ ಇಷ್ಟೆಂಬ ಬೆಲೆಚೀಟಿ ಹಚ್ಚಿಕೊಂಡು.
ನನ್ನದನ್ನು ದಲ್ಲಾಳಿ ಹರಿದು ಹಾಕಿದ್ದ.

‘ಕುದಿನೀರು’ ಅಂದೆ.
‘ಏನು?’
‘ತಣ್ಣೀರಿಗೆ ಬಗ್ಗುವ ಜಾತಿಯಲ್ಲ ಇದು.
ಬೆಲ್ಲ ಕರಗಿ ಕೊತಕೊತ ಗುಳ್ಳೆ ಏಳುವಾಗಲೇ
ಹಿಂದುಮುಂದು ನೋಡದೆ ಸುರಿಯಬೇಕು.’
ಸುರಿದೆ. ಕೈ ಸುಟ್ಟಿತು, ಹಿಟ್ಟು ಮಣಿಯಿತು.
‘ಕಿವಿಯ ಹಾಲೆಯಷ್ಟು ಮೆತ್ತಗೆ. ಹದ ಅಂದರೆ ಅದು.’
ಮುಟ್ಟಿ ನೋಡಿಕೊಂಡಳು;
ಕಿವಿಗೊಂದು ಬಿಳಿ ಬೊಟ್ಟು.

‘ನಿನಗೆ ಹೇಗೆ ಗೊತ್ತು?’
ಚೀಲ ತೋರಿಸಿದೆ. ಓದಿದಳು. ‘ಓ’ ಅಂದಳು,
ಮತ್ತೆ ಹೊಸೆಯತೊಡಗಿದಳು.
ಅಷ್ಟೇ. ನಾನೇನು ಬಯಸಿದ್ದೆನೋ.

ಕೆಲವು ಕಡಲೆ, ಕೆಲವು ಗೋಲಿ.
ಅತ್ತೆಯ ಪಾಲಿನವು ಸಬ್ಬಕ್ಕಿಯಷ್ಟು,
ನುಂಗಿದರೂ ಗಂಟಲಿಗೆ ಗೊತ್ತಾಗದಂತೆ.
ಬೇಯಿಸಿ, ಮುಚ್ಚಿಟ್ಟು, ಪಾಕಕ್ಕಿಳಿಸಿ,
ಇನ್ನು ಕುಲುಕಬೇಕೆನ್ನುವಾಗ ನೆನಪಾಯಿತು:
ಕಾಗದದ ಮಿಲ್ಲಿನ ರಾತ್ರಿಪಾಳಿಯವನು ಒಳಗೆ ಮಲಗಿದ್ದಾನೆ.
ಡಬ್ಬಿಗೆ ಟವೆಲು ಸುತ್ತಿ ಎದೆಗವಚಿ
ಹಸುಗೂಸನ್ನು ತೂಗಿದ ಹಾಗೆ
ಸರದಿಯಲ್ಲಿ ಕುಲುಕಿದೆವು.
ಮಂಜುಗಡ್ಡೆ ಒಳಗೊಳಗೇ ಗೊಣಗಿತು.

ಆಮೇಲೆ ಮಾತಿಲ್ಲ, ಬರೀ ಅಗಿತ.
ಹುಳಿ ಮೊದಲು, ಚಹಾದ ಒಗರು ಹಿಂದೆ,
ಬೀಜ ಕಟಕಟ, ಮುತ್ತು ಜಗ್ಗಿ ಜಗ್ಗಿ.
ಅತ್ತೆ ಎಣಿಸುತ್ತ ನುಂಗಿ ಹದಿನೇಳಕ್ಕೆ ನಿಲ್ಲಿಸಿದರು.

ಬೆಂದ ಮುತ್ತಿನ ಆಯುಸ್ಸು ನಾಲ್ಕು ಗಂಟೆ,
ಆಮೇಲೆ ಬೆಣಚುಕಲ್ಲು.
ಉಳಿದ ಹಸಿಯವಕ್ಕೆ ಹಿಟ್ಟು ಸವರಿ ಮುಚ್ಚಿಟ್ಟು
ಐದಕ್ಕೆ ಅಲಾರಾಂ ಇಟ್ಟೆ.

ಏಳುವಷ್ಟರಲ್ಲಿ ಅವಳು ಎದ್ದಿದ್ದಾಳೆ,
ಮುಚ್ಚಳಕ್ಕೆ ಅಂಟಿಸುವ ಚೀಟಿ ಬರೆಯುತ್ತಿದ್ದಾಳೆ.
ಹಣ್ಣು: ಅಜ್ಜಿಯ ಚಪ್ಪರ.
ಚಹಾ: ಅಪ್ಪನ ಡಬ್ಬಿ.
ಮುತ್ತು, ಎಂದು ಬರೆದು, ಎರಡು ಚುಕ್ಕಿ ಇಟ್ಟು
ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಾಳೆ.

ನಾನು ಏನೂ ನೋಡದವಳಂತೆ
ನೀರು ಕುದಿಯಲಿಟ್ಟೆ.